ಮೋರಿಯ ಸೂತಕ

ನನ್ನ ಕುತ್ತಿಗೆಯ ಬಲಗಡೆ, ಹೆಗಲಿನ ಎಲುಬಿಗಿಂತ ತುಸು ಮೇಲೆ, ಒಂದು ತೂತಿದೆ. ದಬ್ಬಣ ಚುಚ್ಚಿ ತೆಗೆದಂತೆ ಕಾಣುತ್ತದೆ. ಹುಟ್ಟುವಾಗಲೇ ಇತ್ತು. ನೆಗಡಿಯಾದಾಗ ಅದರಿಂದ ಗಂಜಿ ತಿಳಿಯಂಥ ನೀರು ಒಸರುತ್ತದೆ, ನೋವೇನೂ ಇಲ್ಲ. ಈ ವಯಸ್ಸಿನಲ್ಲಿ ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಆದರೆ ಆ ತೂತಿಗಾಗಿ ನನ್ನನ್ನು ಹೆತ್ತ ಆಯಿ ಮೀನು ತಿನ್ನುವುದನ್ನೇ ಬಿಟ್ಟಿದ್ದಳು. ಅದು ನೆನಪಾದರೆ ಇಂದಿಗೂ ಎತ್ತಿದ ತುತ್ತು ಕೈಯಲ್ಲೇ ನಿಲ್ಲುತ್ತದೆ.

ಕಾರವಾರದ ಬದಿಯ ನಮ್ಮ ಊರು ಚೆಂಡಿಯಾದಲ್ಲಿ ಮೀನು ಬಿಡುವುದೆಂದರೆ ಏನೆಂದು ಘಟ್ಟದ ಮೇಲಿನವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮದು ಗೇಣಿ ಗದ್ದೆ. ಗದ್ದೆಯ ಕೆಲಸ ಇಲ್ಲದಾಗ ಅಪ್ಪ ಕೂಲಿಗೆ ಹೋಗುತ್ತಿದ್ದ, ಇಲ್ಲವೆ ದಂಡೆಯಲ್ಲಿ ಬಲೆಯ ಹಗ್ಗಕ್ಕೆ ಕೈ ಕೊಟ್ಟು ಪಾಲಿನ ಮೀನು ತರುತ್ತಿದ್ದ. ಮೀನಿಲ್ಲದ ದಿನ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಎರಡು ಸಲ ಅನ್ನ ಬಡಿಸಿಕೊಂಡು ಉಂಡ ಮೇಲೂ "ಇವತ್ತು ಊಟ ಆಗ್ಲಿಲ್ಲ" ಎನ್ನುತ್ತಿದ್ದಳು. ಅಂಥ ಮನೆಯಲ್ಲಿ ಆಯಿ ದಿನವೂ ಮೀನು ಕೊಯ್ಯುತ್ತಿದ್ದಳು, ಕಾಯಿ ಮೆಣಸು ಅರೆಯುತ್ತಿದ್ದಳು, ಉಪ್ಪು ಹುಳಿಯ ಹದವನ್ನು ಬರೀ ವಾಸನೆಯಿಂದ ನೋಡುತ್ತಿದ್ದಳು. ಎಲ್ಲರಿಗೂ ಬಡಿಸಿ, ತಾನು ಮಾತ್ರ ಉಪ್ಪಿನ ಮಾವಿನಮಿಡಿ ಇಟ್ಟುಕೊಂಡು ಒಲೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಒಂದು ಮೀನನ್ನಂತೂ ಮುಟ್ಟುವುದಿರಲಿ, ಹೊಸಿಲು ದಾಟಿಸಲೂ ಬಿಡುತ್ತಿರಲಿಲ್ಲ. ಅದು ಮೋರಿ.

ನಮ್ಮ ಕಡೆ ಮೋರಿ ಎಂದರೆ ಕೈಯುದ್ದದ ಸಣ್ಣ ಸೊರ ಮೀನು, ಶಾರ್ಕಿನ ಜಾತಿಯದು. ಹೆಸರು ಕೊಂಕಣಿಯಿಂದ ಬಂದದ್ದು. ಶಾಲೆಯ ಕನ್ನಡದಲ್ಲಿ ಮೋರಿ ಎಂದರೆ ಬಚ್ಚಲ ನೀರು ಹೋಗುವ ಗಟಾರ. ನನ್ನ ಕುತ್ತಿಗೆಗೆ ಎರಡು ಅರ್ಥವೂ ಹೊಂದುತ್ತಿತ್ತು, ಅದನ್ನು ಶಾಲೆಯ ಹುಡುಗರು ಬೇಗ ಕಂಡುಹಿಡಿದರು. ಆ ಅಡ್ಡಹೆಸರು ಮನೆಯವರೆಗೆ ಬಾರದಂತೆ ನೋಡಿಕೊಳ್ಳುವುದೇ ನನಗೆ ಒಂದು ಕೆಲಸವಾಗಿತ್ತು.

ನಡೆದದ್ದನ್ನು ನನಗೆ ಹೇಳಿದವಳು ಅಜ್ಜಿ. ನಾನು ಹೊಟ್ಟೆಯಲ್ಲಿದ್ದಾಗ ಆಯಿಗೆ ಮೋರಿಯ ಬಯಕೆ ಹುಟ್ಟಿತಂತೆ. ಅಪ್ಪ ಎಲ್ಲಿಂದಲೋ ಒಂದು ತಂದ. ಅವತ್ತು ಸೂರ್ಯಗ್ರಹಣ. ಗ್ರಹಣದ ಹೊತ್ತಿನಲ್ಲಿ ಬಸುರಿ ಕೊಯ್ಯಬಾರದು, ಚುಚ್ಚಬಾರದು, ಬಿಸಿಲು ಕಾಣದ ಮೂಲೆಯಲ್ಲಿ ಸುಮ್ಮನೆ ಮಲಗಿರಬೇಕು. ಮೋಡ ಮುಸುಕಿತ್ತು, ಹಿಡಿದಿದೆಯೋ ಬಿಟ್ಟಿದೆಯೋ ತಿಳಿಯಲಿಲ್ಲ. ಮೀನು ಕೆಟ್ಟೀತೆಂದು ಆಯಿ ಮೆಟ್ಟುಗತ್ತಿ ಹಾಕಿಕೊಂಡು ಕೂತಳು. ಹೊಟ್ಟೆ ಸೀಳಿದರೆ ಒಳಗೆ ಮರಿಗಳು. ತತ್ತಿಯಲ್ಲ, ಪೂರ್ತಿ ಬೆಳೆದ ಮರಿಗಳು, ಒಂದೊಂದಕ್ಕೂ ಹೊಕ್ಕುಳ ಬಳ್ಳಿ, ಕುತ್ತಿಗೆಯ ಪಕ್ಕ ಕಿವಿರಿನ ಸಣ್ಣ ಸಣ್ಣ ಸೀಳು. ಒಂದರ ಬಾಲ ಇನ್ನೂ ಆಡುತ್ತಿತ್ತು. ಆಯಿ ಕೂಗಿಕೊಂಡು ಎದ್ದಳು. ತಾಯಿಯನ್ನೂ ಮರಿಗಳನ್ನೂ ತೆಂಗಿನ ಬುಡದಲ್ಲಿ ಹುಗಿದು ಬಂದಳು. ಒಂದು ಚೂರೂ ತಿನ್ನಲಿಲ್ಲ. ಆಮೇಲೆ ನಾನು ಹುಟ್ಟಿದೆ, ತೂತಿನ ಸಮೇತ.

"ಗ್ರಾಣದಲ್ಲಿ ಕೊಯ್ದದ್ದಕ್ಕೆ ತೂತು ಬಿತ್ತು, ಬಯಕೆ ತೀರದ್ದಕ್ಕೆ ಸೋರ್ತದೆ" ಎಂದು ಅಜ್ಜಿ ಲೆಕ್ಕ ಒಪ್ಪಿಸಿದಂತೆ ಹೇಳುತ್ತಿದ್ದಳು. ಬಸುರಿಯ ಬಯಕೆ ತೀರದಿದ್ದರೆ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮವರೆಲ್ಲ ನಂಬಿದ್ದರು. ನನ್ನದು ಕಿವಿಯ ಬದಲು ಕುತ್ತಿಗೆ, ಅಷ್ಟೇ ವ್ಯತ್ಯಾಸ. ಅಜ್ಜಿ ಕೆಟ್ಟವಳಲ್ಲ, ಚಳಿಗಾಲದಲ್ಲಿ ತನ್ನ ಕಂಬಳಿ ನನಗೆ ಹೊದೆಸುತ್ತಿದ್ದವಳು. ಆದರೆ ಅವಳ ಮಾತಿನ ಪ್ರಕಾರ ಕೊಯ್ದದ್ದೂ ತಪ್ಪು, ತಿನ್ನದೆ ಬಿಟ್ಟದ್ದೂ ತಪ್ಪು. ಆಯಿಗೆ ತಪ್ಪಿಸಿಕೊಳ್ಳಲು ಯಾವ ದಾರಿಯೂ ಉಳಿದಿರಲಿಲ್ಲ.

ಆಯಿ ನನ್ನ ತೂತನ್ನು ನೋಡುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚುವಾಗ ಅವಳ ಕೈ ಕುತ್ತಿಗೆಯ ಎಡಗಡೆಯಿಂದ ಇಳಿದು ಬಲಗಡೆ ಬರುವಷ್ಟರಲ್ಲಿ ನಿಂತುಬಿಡುತ್ತಿತ್ತು. ನನ್ನ ಅಂಗಿಗಳಿಗೆಲ್ಲ ಗಂಟಲವರೆಗೆ ಗುಂಡಿ. ಒಗೆಯುವಾಗ ಕಾಲರಿನ ಆ ಜಾಗವನ್ನು ಮಾತ್ರ ಕಲ್ಲಿಗೆ ಉಜ್ಜಿ ಉಜ್ಜಿ ಅಲ್ಲಿಯ ಬಟ್ಟೆ ಜಾಳಾಗಿರುತ್ತಿತ್ತು. ನಾನು ಏನೂ ಮಾಡಿದವನಲ್ಲ, ಹುಟ್ಟಿದೆ ಅಷ್ಟೇ. ಆದರೂ ಬಂಗಡೆ ಹುರಿಯುವ ವಾಸನೆಗೆ ಅವಳು ಒಮ್ಮೊಮ್ಮೆ ಕಣ್ಣು ಮುಚ್ಚಿಕೊಂಡು ನಿಲ್ಲುವುದನ್ನು ಕಂಡಾಗ, ನಾನು ಅವಳ ಬಾಯಿಂದ ಕಿತ್ತುಕೊಂಡು ತಿನ್ನುತ್ತಿದ್ದೇನೆ ಎನಿಸುತ್ತಿತ್ತು.

ಸತ್ಯಾಗ್ರಹಕ್ಕೆಂದು ಅಂಕೋಲೆಯಲ್ಲಿ ಉಪ್ಪು ಕಾಯಿಸಿದವರು ಜೈಲು ಕಂಡು ಬಂದ ಮೇಲಿನ ವರ್ಷಗಳವು. ನಾನು ಕಾರವಾರದ ಹೈಸ್ಕೂಲಿಗೆ ಹೋಗುತ್ತಿದ್ದೆ. ವಾರವಿಡೀ ಅಲ್ಲಿಯ ಹಬ್ಬುವಾಡದ ಒಂದು ಮನೆಯಲ್ಲಿ ನೀರು ಸೇದಿ ಕೊಟ್ಟು ಜಗಲಿಯಲ್ಲಿ ಮಲಗುವುದು, ಶನಿವಾರ ಗುಡ್ಡ ಹತ್ತಿಳಿದು ಊರಿಗೆ ನಡೆಯುವುದು. ನಮಗೆ ವಿಜ್ಞಾನ ಕಲಿಸುತ್ತಿದ್ದ ಮಾಸ್ತರರು ಜನಿವಾರದ ಮನೆತನದವರು, ಆದರೆ ತಂದೆ ತೀರಿಕೊಂಡ ಮೇಲೆ ದೇವರ ಪೂಜೆ ನಿಲ್ಲಿಸಿದ್ದರು. ಒಂದು ದಿನ ಕೋಟಿನ ಜೇಬಿನಿಂದ ಮನೆಯ ಸಾಲಿಗ್ರಾಮವನ್ನೇ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ಬೆಂಚಿನ ಇಬ್ಬರು ಕೈ ಮುಗಿದರು. ಮಾಸ್ತರರು ಅದರ ಒಡಲಲ್ಲಿದ್ದ ಸುರುಳಿಯನ್ನು ಬೆರಳಿನಿಂದ ತೋರಿಸಿ, "ಇದು ಚಕ್ರವಲ್ಲ, ಚಿಪ್ಪಿನ ಅಚ್ಚು. ಚಿಪ್ಪಿನೊಳಗೆ ಸಮುದ್ರದ ಪ್ರಾಣಿಯೊಂದು ಬದುಕಿತ್ತು. ಈಗ ಅದರ ಜಾತಿಯೇ ಇಲ್ಲ. ಸಿಕ್ಕಿದ್ದು ಹಿಮಾಲಯದ ಹೊಳೆಯಲ್ಲಿ. ಸಮುದ್ರದ ಪ್ರಾಣಿ ಬೆಟ್ಟ ಹತ್ತಿದ್ದು ಹೇಗೆ?" ಎಂದು ಕೇಳಿದರು. ಸಮುದ್ರದ ಜೀವ ಅವರ ಮನೆಯಲ್ಲಿ ದೇವರಾಗುತ್ತದೆ, ನಮ್ಮ ಮನೆಯಲ್ಲಿ ಸಾರಾಗುತ್ತದೆ ಎಂದು ಅನ್ನಿಸಿ ನನಗೆ ನಗು ಬಂತು.

ಬೆಟ್ಟವಾಗಿರುವ ನೆಲ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು ಎಂದು ಅವರು ವಿವರಿಸಿದರು. ಕಲ್ಲಿನ ಪದರುಗಳನ್ನು ಕೆಳಗಿನಿಂದ ನೋಡುತ್ತ ಬಂದರೆ ಮೊದಲು ಮೀನು ಕಾಣಿಸುತ್ತದೆ, ಆಮೇಲೆ ಕಪ್ಪೆಯಂಥವು, ಆಮೇಲೆ ಹಲ್ಲಿ ಮೊಸಳೆಯಂಥವು, ಹಾಲೂಡುವ ಪ್ರಾಣಿಗಳು ಅದಕ್ಕೂ ತಡವಾಗಿ. ಈ ಸಾಲು ಎಲ್ಲಿ ಅಗೆದರೂ ತಿರುವುಮುರುವಾಗಿ ಸಿಕ್ಕಿಲ್ಲ ಎಂದರು. ನಮ್ಮ ಮನೆಯ ಹಿಂದಿನ ಗೊಬ್ಬರ ಗುಂಡಿಯಲ್ಲೂ ಈ ವಾರದ ಮುಳ್ಳು ಮೇಲೆ, ಹೋದ ವರ್ಷದ ಚಿಪ್ಪು ಅಡಿಯಲ್ಲಿ. ಹಾಗಾಗಿ ನನಗೆ ಅದು ಕಷ್ಟದ ಮಾತು ಎನಿಸಲಿಲ್ಲ. ದಂಡೆಯಲ್ಲಿ ಸತ್ತು ಬಿದ್ದ ಹಂದಿಮೀನಿನ, ಅಂದರೆ ಡಾಲ್ಫಿನ್ನಿನ, ಈಜುರೆಕ್ಕೆಯ ಎಲುಬುಗಳನ್ನು ಅವರು ಒಂದು ಹಲಗೆಗೆ ಅಂಟಿಸಿದ್ದರು. ಹೊರಗೆ ದೋಣಿಯ ಹುಟ್ಟಿನ ಹಾಗಿರುವ ಆ ರೆಕ್ಕೆಯೊಳಗೆ ತೋಳು, ಮಣಿಕಟ್ಟು, ಐದು ಬೆರಳು. ನನ್ನ ಕೈಯನ್ನು ಪಕ್ಕದಲ್ಲಿ ಇಟ್ಟು ನೋಡಿಕೊಂಡೆ.

ಮಳೆಗಾಲ ಕಳೆದ ಮೇಲೊಂದು ದಿನ ಅವರು ಪೇಟೆಯಿಂದ ಮೋರಿ ತರಿಸಿ ಕೊಯ್ದು ತೋರಿಸಿದರು. ಅದರ ಕಿವಿರಿಗೆ ಬೇರೆ ಮೀನುಗಳಂತೆ ಮುಚ್ಚಳವಿಲ್ಲ, ಐದೂ ಸೀಳು ಹಾಗೇ ಕಾಣುತ್ತವೆ. ನನಗೆ ನೆಗಡಿಯಾಗಿತ್ತು, ಕಾಲರು ಒದ್ದೆಯಾಗಿತ್ತು. ಹಿಂದಿನಿಂದ ಯಾರೋ "ಸರ್, ಇಲ್ಲೊಂದು ಮೋರಿ ಕೂತದೆ" ಎಂದ. ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. ತರಗತಿ ಬಿಟ್ಟ ಮೇಲೆ ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಗುಂಡಿ ಬಿಚ್ಚಿಸಿ, ತೂತನ್ನು ಬಹಳ ಹೊತ್ತು ನೋಡಿದರು. ಅಷ್ಟು ಅಕ್ಕರೆಯಿಂದ ಅದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

"ಹೊಟ್ಟೆಯೊಳಗೆ ಮನುಷ್ಯನ ಕೂಸು ಹೆಸರುಕಾಳಿನಷ್ಟಿರುವಾಗ ಕುತ್ತಿಗೆಯ ಎರಡು ಪಕ್ಕ ಮಡಿಕೆಗಳು ಬರುತ್ತವೆ" ಎಂದರು. "ಮೋರಿಯ ಮರಿಗೂ ಬರುತ್ತವೆ, ಕೋಳಿ ಮರಿಗೂ ಬರುತ್ತವೆ. ಮೋರಿಯಲ್ಲಿ ಅವು ಸೀಳಿ ಕಿವಿರಾಗುತ್ತವೆ. ನಮ್ಮಲ್ಲಿ ದವಡೆ, ಕಿವಿ, ಗಂಟಲು ಆಗಿ ಮುಚ್ಚಿಕೊಳ್ಳುತ್ತವೆ. ನಿನ್ನದೊಂದು ಪೂರ್ತಿ ಮುಚ್ಚಿಲ್ಲ, ಅಷ್ಟೇ. ನಮ್ಮ ಹಿಂದಿನವರ ಹಿಂದಿನವರು ನೀರಲ್ಲಿದ್ದರು ಎನ್ನುವುದಕ್ಕೆ ಕಲ್ಲು ಒಂದು ಸಾಕ್ಷಿ, ನಿನ್ನ ಕುತ್ತಿಗೆ ಇನ್ನೊಂದು."

ಆ ಮಾತು ಕೇಳಿ ನನಗೆ ಹೆಮ್ಮೆಯಾಗಲಿಲ್ಲ, ಆಯಿಯ ನೆನಪಾಯಿತು. ಗುಡ್ಡ ಇಳಿಯುವಾಗ ಓಡಿಯೇ ಇಳಿದೆ. ಆದರೆ ಮನೆ ಮುಟ್ಟಿದ ಮೇಲೆ ಬಾಯಿ ಬರಲಿಲ್ಲ. ಮೀನು ಬಿಟ್ಟ ವಿಷಯವನ್ನು ಆಯಿಯ ಎದುರು ಎತ್ತಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಹೀಗೆ ತಿಂಗಳುಗಳು ಹೋದವು.

ಬಾಯಿ ಬಿಡಲೇಬೇಕಾದದ್ದು ಅಕ್ಕನಿಂದ. ಅಕ್ಕನನ್ನು ಹಿಲ್ಲೂರಿಗೆ ಕೊಟ್ಟಿತ್ತು. ಕಾಡಿನ ಊರು, ಅಲ್ಲಿಗೆ ಒಣಮೀನು ಬಿಟ್ಟರೆ ಬೇರೆ ಹೋಗುವುದು ಅಪರೂಪ. ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಳು, ನನ್ನ ಶಾಲೆಯ ರಜೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಹೆರಿಗೆಯ ಮೈಲಿಗೆಯಾದ ಅಮೆ ಕಳೆದು ತೊಟ್ಟಿಲಿಗೆ ಹಾಕಿದರೂ ಅವಳಿಗೆ ಹಾಲು ಬರಲಿಲ್ಲ. ಅಜ್ಜಿ ಆಡಿನ ಹಾಲಿನಲ್ಲಿ ಬಟ್ಟೆಯ ಬತ್ತಿ ಅದ್ದಿ ಕೂಸಿನ ಬಾಯಿಗಿಡುತ್ತಿದ್ದಳು. ಕೂಸು ಸ್ವಲ್ಪ ಚೀಪಿ ಕಕ್ಕುತ್ತಿತ್ತು. ದಿನದಿಂದ ದಿನಕ್ಕೆ ಅದರ ಅಳುವಿನ ಸದ್ದು ಸಣ್ಣದಾಗುತ್ತ ಬಂತು.

ನಮ್ಮ ಕರಾವಳಿಯಲ್ಲಿ ಬಾಣಂತಿಗೆ ಹಾಲು ಬರಿಸಲು ಮೋರಿಯ ಸಾರು ಕೊಡುತ್ತಾರೆ, ಬೆಳ್ಳುಳ್ಳಿ ಕಾಳುಮೆಣಸು ಹಾಕಿ. ಬೇರೆ ಮನೆಯಾಗಿದ್ದರೆ ಮೂರನೆಯ ದಿನಕ್ಕೇ ಆಗುತ್ತಿತ್ತು. ಅಪ್ಪ ಒಂದು ಬೆಳಿಗ್ಗೆ ಹೇಳದೆ ಕೇಳದೆ ಮೋರಿ ತಂದು ಅಂಗಳದಲ್ಲಿ ನಿಂತ. ಆಯಿ ಬಾಗಿಲಿಗೆ ಅಡ್ಡ ಕೈ ಕೊಟ್ಟು ನಿಂತಳು.

"ಒಂದು ಕೂಸಿಗೆ ಮಾಡಿದ್ದು ಸಾಕು. ಇದಕ್ಕೂ ತೂತು ಬೀಳೂದು ಬ್ಯಾಡ" ಎಂದಳು.

"ಕೂಸು ಹುಟ್ಟಿ ಆಯ್ತಲ್ಲೇ, ಇನ್ನೆಲ್ಲಿ ತೂತು ಬೀಳ್ತದೆ?" ಎಂದ ಅಪ್ಪ.

"ಮೊಮ್ಮಗು ಸತ್ರೆ ನೀನು ಮತ್ತೆಂತ ಬಿಡ್ತೆ? ಅನ್ನ ಬಿಡ್ತ್ಯಾ?" ಎಂದು ಅಜ್ಜಿ ಒಳಗಿನಿಂದ ಕೂಗಿದಳು. ಆಯಿ ಅಳಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಅಪ್ಪ ಮೋರಿಯನ್ನು ಪಕ್ಕದ ಮನೆಗೆ ಕೊಟ್ಟು ಗದ್ದೆಗೆ ಹೋದ.

ಅವತ್ತು ಮಧ್ಯಾಹ್ನ ಆಯಿ ಹಿಂದಿನ ಅಂಗಳದಲ್ಲಿ ಭತ್ತ ಹರಡುತ್ತಿದ್ದಾಗ ನಾನು ಹೋಗಿ ಕೂತೆ. ಇದ್ದಲಿನಿಂದ ನೆಲದ ಮೇಲೆ ಮೂರು ಚಿತ್ರ ಬರೆದೆ. ಮೋರಿಯ ಮರಿ, ಕೋಳಿ ಮರಿ, ಮನುಷ್ಯನ ಕೂಸು, ಮೂರೂ ಹೊಟ್ಟೆಯಲ್ಲಿ, ತತ್ತಿಯಲ್ಲಿ ಇರುವಾಗಿನವು. ಮಾಸ್ತರರು ಹೇಳಿದ್ದೆಲ್ಲವನ್ನೂ ಹೇಳಿದೆ. ಸಾಲಿಗ್ರಾಮದ ಚಿಪ್ಪು, ಹಂದಿಮೀನಿನ ಬೆರಳು, ಕಲ್ಲಿನ ಪದರು. ಆಯಿ ಭತ್ತ ಬಿಟ್ಟು ಕೇಳಿದಳು. ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಅವಳಿಗೆ ಅರ್ಥವಾಯಿತು, ನನ್ನ ಗ್ರಹಚಾರ.

"ಹಂಗಾರೆ ಎಲ್ಲಾ ಕೂಸಿಗೂ ಈ ಗೆರೆ ಬರ್ತದೆ?"

"ಎಲ್ಲಾ ಕೂಸಿಗೂ ಆಯಿ. ಅಕ್ಕಂಗೂ ಬಂದಿತ್ತು, ನಿಂಗೂ ಬಂದಿತ್ತು. ಆಮೇಲೆ ಮುಚ್ತದೆ."

"ಎಲ್ಲಾರದ್ದೂ ಮುಚ್ತದೆ. ನಿಂದು ಯಾಕೆ ಮುಚ್ಲಿಲ್ಲ?"

ಇದೇ ಪ್ರಶ್ನೆಯನ್ನು ನಾನು ಮಾಸ್ತರರಿಗೆ ಕೇಳಿದ್ದೆ. ಅವರು ಕನ್ನಡಕ ಒರೆಸಿಕೊಂಡು, ಸಾವಿರಾರು ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಯಾಕೆಂದು ಯಾರಿಗೂ ತಿಳಿದಿಲ್ಲ ಎಂದಿದ್ದರು. ಅದನ್ನೇ ಆಯಿಗೆ ಹೇಳಿದೆ. "ಗೊತ್ತಿಲ್ಲ ಆಯಿ. ಮಾಸ್ತರರಿಗೂ ಗೊತ್ತಿಲ್ಲ."

"ನಂಗೊತ್ತದೆ" ಎಂದಳು ಆಯಿ. ಎದ್ದು ಭತ್ತ ಹರಡತೊಡಗಿದಳು.

ಅವಳ ಮೇಲಿನ ಭಾರ ಇಳಿಸಲು ಹೋಗಿ ಇನ್ನೊಂದನ್ನು ಹೇರಿ ಬಂದಿದ್ದೆ. ಅದುವರೆಗೆ ಅವಳು ಕೊಯ್ದದ್ದು ಬರೀ ಮೀನಾಗಿತ್ತು. ಈಗ ಹೊಟ್ಟೆಯಲ್ಲಿ ನನ್ನ ಹಾಗೇ ಇದ್ದ ಮರಿಗಳು, ಅವಳ ಹಾಗೇ ಬಸುರಿಯಾಗಿದ್ದ ತಾಯಿ. ಆಯಿ ರಾತ್ರಿ ಊಟವನ್ನೇ ಮಾಡಲಿಲ್ಲ. ನನಗೆ ಮುಖವೆತ್ತಿ ಅವಳನ್ನು ನೋಡಲಾಗಲಿಲ್ಲ. ಮಾಸ್ತರರ ಮೇಲೂ ಸಿಟ್ಟು ಬಂತು, ನನ್ನ ಓದಿನ ಮೇಲೂ ಬಂತು.

ಬೆಳಿಗ್ಗೆ ಅವಳೇ ಬಂದು ನನ್ನನ್ನು ಎಬ್ಬಿಸಿದಳು.

"ತಮಾ, ಅವೂ ನಾವೂ ಒಂದೇ ಮೂಲ ಅಂದ್ಯಲ್ಲ, ಒಂದೇ ಬಳಿ ಆಯ್ತಲ್ದಾ?"

ಬಳಿ ಎಂದರೆ ನಮ್ಮಲ್ಲಿ ಒಂದೇ ಮೂಲದಿಂದ ಬಂದ ಮನೆತನಗಳು. ಬಳಿಯವರಲ್ಲಿ ಸಾವಾದರೆ ಸೂತಕ. ಸೂತಕದಲ್ಲಿ ಮೀನಿಲ್ಲ. ದಿನ ತುಂಬಿದ ಮೇಲೆ ಮಿಂದು, ಸತ್ತವರಿಗೆ ಎಡೆಯಿಟ್ಟು, ಮೀನು ತಿಂದು ಸೂತಕ ಕಳೆಯುವುದು.

"ನಾನು ಬಿಟ್ಟದ್ದು ಸೂತಕಕ್ಕೇ ಆಯ್ತಲ್ಲ ಹಂಗಾರೆ" ಎಂದಳು ಆಯಿ. "ಪಾಪ ಅಂತ ಮಾಡ್ಕಂಡಿದ್ದೆ. ಪಾಪ ಆದ್ರೆ ಎಂದೂ ಮುಗೀದು. ಸೂತಕ ಆದ್ರೆ ಕಳೀಲಿಕ್ಕೆ ಬರ್ತದೆ. ನಾ ಕಳೀಲೇ ಇಲ್ಲ, ಅದ್ಕೇ ಹಿಂಗಾಯ್ತು. ಈಗಾದ್ರೂ ಕಳೀಲಿಕ್ಕೆ ಬರ್ತದಲ್ದಾ?"

ಮಾಸ್ತರರು ಹೇಳಿದ್ದು ಅದಲ್ಲ. ಲೆಕ್ಕ ಹಾಕಲಾಗದಷ್ಟು ಹಿಂದಿನ ಆ ನೆಂಟಸ್ತಿಕೆಗೆ ಸೂತಕ ಹಿಡಿಯಲು ಹೊರಟರೆ, ಅಪ್ಪ ತರುವ ಪ್ರತಿ ತಾರ್ಲೆ ಮೀನಿಗೂ ಕೋಳಿಗೂ ಹಿಡಿಯಬೇಕಾಗುತ್ತದೆ, ನಮಗೆ ಮಿಂದು ಮುಗಿಯುವುದೇ ಇಲ್ಲ. ತಿದ್ದಲೆಂದು ಬಾಯಿ ತೆರೆದೆ. ಒಳಗೆ ಕೂಸು ಅಳುತ್ತಿತ್ತು, ಬೆಕ್ಕಿನ ಮರಿಯಷ್ಟು ಸಣ್ಣ ದನಿಯಲ್ಲಿ.

"ಬರ್ತದೆ ಆಯಿ" ಎಂದೆ.

ಅಜ್ಜಿಗೆ ಸುದ್ದಿ ಮುಟ್ಟಿ ಅವಳು ಸೊಂಟಕ್ಕೆ ಕೈ ಕೊಟ್ಟು ಬಂದಳು. "ಮೋರಿ ನಮ್ಮ ನೆಂಟ್ರಂತಾ? ಆಗ್ಲಿ ಮಾರಾಯಾ. ನೆಂಟ್ರು ನಮ್ಮನ್ನ ಎಷ್ಟ್ ತಿಂದಾರೆ, ನಾವು ಒಂದಿನ ಅವ್ರನ್ನ ತಿಂದ್ರೆ ಎಂತ ಆಗ್ತದೆ?" ಎಂದಳು. ಅಕ್ಕ ಹಾಸಿಗೆಯಲ್ಲೇ ನಕ್ಕಳು. ಆಯಿ ನಗಲಿಲ್ಲ, ಬಾಳೆ ಎಲೆ ಕೊಯ್ಯಲು ಹೋದಳು.

ನಾವಿಬ್ಬರೇ ದಂಡೆಗೆ ಹೋದೆವು. ಈಗ ಆ ದಂಡೆ ನೌಕಾಪಡೆಯ ಬೇಲಿಯ ಒಳಗಿದೆ, ನನಗೂ ಅಲ್ಲಿ ಕಾಲಿಡಲು ಬರುವುದಿಲ್ಲ. ಆಯಿ ಸೀರೆ ಸಮೇತ ನೀರಿಗಿಳಿದು ಮುಳುಗಿದಳು, ನನ್ನನ್ನೂ ಮುಳುಗಿಸಿದಳು, ಸೂತಕ ಮನೆಯವರಿಗೆಲ್ಲ ಎಂದು. ಒದ್ದೆ ಮರಳಿನ ಮೇಲೆ ಎಲೆ ಹಾಸಿ ಅನ್ನ, ಬೆಲ್ಲ, ಕಾಯಿಯ ಚೂರು ಇಟ್ಟಳು. ಕೈ ಮುಗಿದು, "ತಪ್ಪಾಯ್ತೇ ತಂಗೀ. ನಿಂಗೂ ದಿನ ತುಂಬಿತ್ತು, ನಂಗೂ ತುಂಬಿತ್ತು. ಕಾಣ್ಲಿಲ್ಲ ನಂಗೆ" ಎಂದಳು. ಮೀನಿಗೆ ತಂಗಿ ಎಂದದ್ದಕ್ಕೆ ನಗು ಬರಬೇಕಿತ್ತು. ನಾನೂ ಅವಳ ಪಕ್ಕದಲ್ಲಿ ನಿಂತು ಕೈ ಮುಗಿದೆ. ಎಲೆಗೆ ಕಾಗೆಗಳು ಬಂದವು, ದಂಡೆಯಲ್ಲಿ ಕಾಗೆಗೇನು ಬರವೇ, ಆದರೆ ಆಯಿ ಅದನ್ನೂ ಕಣ್ಣಿಗೊತ್ತಿಕೊಂಡಳು.

ಮನೆಗೆ ಬರುವಷ್ಟರಲ್ಲಿ ಒದ್ದೆ ಬಟ್ಟೆಗೆ ಗಾಳಿ ಹೊಡೆದು ನನಗೆ ಸೀನು ಶುರುವಾಗಿತ್ತು. ಆಯಿ ಅಪ್ಪನಿಗೆ, "ಸಿಕ್ರೆ ಮೋರಿ ತನ್ನಿ" ಎಂದಳು. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಓಡಿದ ಹಾಗೆ ಅವನು ಯಾವ ಬಲೆಗೂ ಓಡಿದ್ದನ್ನು ನಾನು ಕಂಡಿಲ್ಲ. ತಂದದ್ದು ಗಂಡು ಮೋರಿ, ಆರಿಸಿಯೇ ತಂದಿದ್ದ.

ಅಕ್ಕ ಎರಡು ದಿನ ಹೊತ್ತು ಹೊತ್ತಿಗೆ ಸಾರು ಕುಡಿದಳು. ಹಾಲು ಬಂತು. ಮೋರಿಯಿಂದ ಬಂತೋ, ಹೇಗೂ ಬರುವುದರಲ್ಲಿತ್ತೋ, ನಾನು ಮಾಸ್ತರರಿಗೆ ಕೇಳಲಿಲ್ಲ. ಕೂಸು ಕುಡಿದು ಮಲಗಿದ ಮಧ್ಯಾಹ್ನ ಆಯಿ ಮೊದಲ ಸಲ ನಮ್ಮ ಸಾಲಿನಲ್ಲಿ ಊಟಕ್ಕೆ ಕೂತಳು. ಅಜ್ಜಿಯೇ ಬಡಿಸಿದಳು. ಆಯಿ ಮೋರಿಯ ತುಂಡೊಂದನ್ನು ಮುರಿದು ಬಾಯಿಗಿಟ್ಟಳು. ಅವಳ ಕಣ್ಣು ತುಂಬಿದವು.

"ಹಿಂಗೇ ಇರ್ತದೆ ಅಂತ ಗೊತ್ತಿತ್ತು ನಂಗೆ. ಇದೇ ರುಚಿ ಬೇಕಾಗಿತ್ತು ಆಗ" ಎಂದಳು.

ಹುಟ್ಟುವ ಮೊದಲು ನಾನು ತಂದಿಟ್ಟ ಆಸೆ ಅದು, ನಾನು ಮೀಸೆ ಬರುವಷ್ಟು ಬೆಳೆದ ಮೇಲೆ ತೀರುತ್ತಿತ್ತು. ನನ್ನ ಎಲೆಯ ಮೇಲಿನ ತುಂಡು ಹಾಗೇ ಉಳಿಯಿತು. ಅಷ್ಟರಲ್ಲಿ ಅಜ್ಜಿಯ ಮಾತು ನನಗೆ ನೆನಪಾಯಿತು. ಆಯಿಗೂ ಅದೇ ನೆನಪಾಗಿರಬೇಕು. ಬಯಕೆ ತೀರದ್ದಕ್ಕೆ ಸೋರುತ್ತದೆ. ಈಗ ತೀರಿತು. ಅವಳು ತಲೆ ಎತ್ತುವ ಮೊದಲೇ ನಾನು ಸೀನು ಬಂದವನಂತೆ ಆಚೆ ತಿರುಗಿ, ಹೆಗಲ ಬಟ್ಟೆಯನ್ನು ಕುತ್ತಿಗೆಗೆ ಒತ್ತಿ ಒರೆಸಿಕೊಂಡೆ. ಬಟ್ಟೆ ಒದ್ದೆಯಾದದ್ದು ಬೆರಳಿಗೆ ತಿಳಿಯಿತು. ಅದನ್ನು ಮುದುಡಿ ತೊಡೆಯ ಕೆಳಗೆ ಇಟ್ಟುಕೊಂಡೆ.

ಆಯಿ ಎಡಗೈಯಿಂದ ನನ್ನ ಗುಂಡಿ ಬಿಚ್ಚಿದಳು. ನನ್ನ ತೂತನ್ನು ನೋಡಿದಳು, ಹುಟ್ಟಿದಾಗಿನಿಂದ ಮೊದಲ ಬಾರಿಗೆ ಇರಬೇಕು. ಬೆರಳಿನ ತುದಿಯಿಂದ ಮುಟ್ಟಿದಳು.

"ಒಣಗ್ಯದೆ" ಎಂದಳು.

"ಹೌದು ಆಯಿ."

ಅವಳು ಇನ್ನೊಂದು ತುಂಡು ಹಾಕಿಸಿಕೊಂಡಳು. ಆಮೇಲೆ ಬದುಕಿದ್ದಷ್ಟು ಕಾಲ ಎಲ್ಲರಂತೆ ಮೀನು ತಿಂದಳು. ನಾನು ಅವತ್ತು ಸಂಜೆಯಿಂದಲೇ ನನ್ನ ಅಂಗಿಗಳನ್ನು ನಾನೇ ಒಗೆದುಕೊಳ್ಳತೊಡಗಿದೆ. ಹೈಸ್ಕೂಲಿಗೆ ಹೋದರೂ ಮಗನಿಗೆ ಜಂಬವಿಲ್ಲ, ತನ್ನ ಬಟ್ಟೆ ತಾನೇ ಒಗೆಯುತ್ತಾನೆ ಎಂದು ಆಯಿ ಊರಿಗೆಲ್ಲ ಹೇಳಿಕೊಂಡು ಬಂದಳು.